ಇಳಿಯುವವನ ಊರುಗೋಲು

ಮಲೆನಾಡಿನ ಮನೆಗಳಲ್ಲಿ ತಲೆಬಾಗಿಲ ಸಂದಿಯಲ್ಲಿ ಒಂದು ಕೋಲು ಒರಗಿರುತ್ತಿದ್ದ ಕಾಲವೊಂದಿತ್ತು. ಅದು ಮನೆಯ ಅಜ್ಜನ ಸ್ವತ್ತೆಂದು ಯಾರೂ ಭಾವಿಸುತ್ತಿರಲಿಲ್ಲ. ತೋಟಕ್ಕೆ ಹೋಗುವವನು, ತಪ್ಪಿಸಿಕೊಂಡ ದನವನ್ನು ಹುಡುಕಲು ಗುಡ್ಡ ಹತ್ತುವವನು, ಮಳೆಗಾಲದಲ್ಲಿ ಹಳ್ಳ ದಾಟಿ ಸಂತೆಗೆ ಹೊರಟವನು, ಎಲ್ಲರ ಕೈಗೂ ಅದೇ ಕೋಲು. ತುದಿಗೆ ಉಪ್ಪಿನ ಗಂಟು ಕಟ್ಟಿದರೆ ಇಂಬಳಕ್ಕೆ ಮದ್ದು. ಮುಂದೆ ಚಾಚಿ ಹುಲ್ಲು ಸರಿಸಿದರೆ ಹಾವಿಗೆ ಎಚ್ಚರಿಕೆ. ನೆಲಕ್ಕೂರಿ ನಿಂತರೆ ಜಾರುವ ಕಾಲಿಗೆ ಆಸರೆ. ಇಪ್ಪತ್ತರ ತರುಣನೂ ಅದನ್ನು ಹಿಡಿಯಲು ನಾಚುತ್ತಿರಲಿಲ್ಲ.

ಈಗ ಕೋಲು ಮುಪ್ಪಿನ ಗುರುತಾಗಿದೆ. ಐವತ್ತು ದಾಟಿದವರಿಗೆ ಮೊಣಕಾಲು ಸಣ್ಣಗೆ ನೋಯತೊಡಗುತ್ತದೆ. ಮನೆಯವರು ಕೋಲು ಹಿಡಿಯಿರೆಂದರೆ, "ನನಗಿನ್ನೂ ಅಷ್ಟು ವಯಸ್ಸಾಗಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಮೇಲೆ ಆಗುವುದಾದರೂ ಏನು? ಒಂದು ವರ್ಷ ಬೆಟ್ಟದ ದೇವರಿಗೆ ಹೋಗುವುದು ತಪ್ಪುತ್ತದೆ. ಮರುವರ್ಷ "ನೀವೆಲ್ಲ ಹೋಗಿಬನ್ನಿ, ನಾನು ಕೆಳಗೇ ಕುಳಿತಿರುತ್ತೇನೆ" ಎಂಬ ಮಾತು ಬರುತ್ತದೆ. ಮೂರನೆಯ ವರ್ಷ ಬೆಟ್ಟದ ಸುದ್ದಿಯೇ ನಿಂತುಹೋಗುತ್ತದೆ. ಕೋಲನ್ನು ಒಲ್ಲೆನೆಂದವನು ಕೊನೆಗೆ ಬೆಟ್ಟವನ್ನೇ ಬಿಟ್ಟುಕೊಟ್ಟಂತಾಯಿತು.

ಇನ್ನೊಂದು ಕಡೆ, ಪೇಟೆಯ ಅಂಗಡಿಗಳಲ್ಲಿ ಥಳಥಳಿಸುವ ಲೋಹದ ಕೋಲುಗಳು ಜೋಡಿಜೋಡಿಯಾಗಿ ಮಾರಾಟವಾಗುತ್ತಿವೆ. ತರುಣ ಚಾರಣಿಗರು ಅವನ್ನು ಸಂಭ್ರಮದಿಂದ ಕೊಳ್ಳುತ್ತಾರೆ. ಆದರೆ ಅವರಲ್ಲಿ ಹಲವರು ಏರುವಾಗ ಹೆಮ್ಮೆಯಿಂದ ಊರುತ್ತ ಹೋಗಿ, ನಿಜವಾಗಿ ಬೇಕಾಗುವ ಇಳಿಜಾರಿನಲ್ಲಿ ಮಡಿಚಿ ಚೀಲಕ್ಕೆ ಸಿಕ್ಕಿಸಿಕೊಂಡು ಬರುತ್ತಾರೆ. ಒಬ್ಬನಿಗೆ ಹಿಡಿಯಲು ನಾಚಿಕೆ, ಇನ್ನೊಬ್ಬನಿಗೆ ಬಳಸುವ ಬಗೆ ತಿಳಿಯದು. ಇಬ್ಬರಿಗೂ ಹೇಳಬೇಕಾದ ಮಾತು ಒಂದೇ: ಊರುಗೋಲು ಏರುವವನಿಗಿಂತ ಹೆಚ್ಚಾಗಿ ಇಳಿಯುವವನಿಗಾಗಿ ಹುಟ್ಟಿದ ಸಾಧನ.

ದೂರದ ಬೆಟ್ಟ ನುಣ್ಣಗೆ

ಶಿಕಾರಿಪುರದ ಬಳಿಯ ಅಂಜನಾಪುರದಲ್ಲಿ ಕುಮುದ್ವತಿಗೆ ಕಟ್ಟಿದ ಜಲಾಶಯವನ್ನು ನೋಡದವರು ಆ ಸೀಮೆಯಲ್ಲಿ ವಿರಳ. ನೀರು, ಗದ್ದೆ, ಅಡಿಕೆ ತೋಟಗಳ ಆ ನೆಲ ಕಾಲಿಗೆ ಸುಖವಾದುದು. ಆದರೆ ಆ ನೀರು ಬರುವ ದಿಕ್ಕನ್ನು ಹಿಡಿದು ಹೋದರೆ ನೆಲದ ಗುಣ ಬದಲಾಗುತ್ತದೆ. ಕುಮುದ್ವತಿಯ ಹುಟ್ಟು ಹೊಸನಗರ ತಾಲ್ಲೂಕಿನ ಹುಂಚದ ಕಡೆಯ ಬಿಲ್ಲೇಶ್ವರದಲ್ಲಿ. ಅದೇ ಹೊಸನಗರ ತಾಲ್ಲೂಕಿನಲ್ಲೇ 1343 ಮೀಟರ್ ಎತ್ತರದ ಕೊಡಚಾದ್ರಿ ನಿಂತಿದೆ. ಪಕ್ಕದ ಸೊರಬ ತಾಲ್ಲೂಕಿನಲ್ಲಿ ಚಂದ್ರಗುತ್ತಿ ಇದೆ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಗುಡ್ಡ, ಬಂಡೆಯ ಗುಹೆಯಲ್ಲಿ ರೇಣುಕಾಂಬೆಯ ಸನ್ನಿಧಿ, ಅದರ ಮೇಲೆ ಹಳೆಯ ಕೋಟೆ.

ಅಂಜನಾಪುರದ ಕಡೆಯ ದಂಪತಿಗಳಿಬ್ಬರು ಚಂದ್ರಗುತ್ತಿಗೆ ಹೊರಟರೆನ್ನೋಣ. ದೇವಾಲಯದವರೆಗಿನ ಮೆಟ್ಟಿಲುಗಳನ್ನು ನಿಂತು ನಿಂತು ಹತ್ತುತ್ತಾರೆ. ಉಸಿರು ಏರುತ್ತದೆ, ಬೆವರು ಹರಿಯುತ್ತದೆ. ಆದರೂ ಕಾಲು ಮಾತು ಕೇಳುತ್ತದೆ. ದರ್ಶನವಾಗಿ, ತಂಗಾಳಿಗೆ ದಣಿವಾರಿ, "ಇನ್ನೇನು, ಕಷ್ಟದ್ದು ಮುಗಿಯಿತು" ಎಂದು ಇಳಿಯಲು ತೊಡಗುತ್ತಾರೆ. ತೊಂದರೆ ಶುರುವಾಗುವುದು ಆಗಲೇ. ಅರ್ಧ ದಾರಿಗೆ ಬರುವಷ್ಟರಲ್ಲಿ ತೊಡೆ ನಡುಗತೊಡಗುತ್ತದೆ. ಮೊಣಚಿಪ್ಪಿನ ಕೆಳಗೆ ಸೂಜಿ ಚುಚ್ಚಿದಂತಾಗುತ್ತದೆ. ಯಜಮಾನರು ಅಡ್ಡಡ್ಡ ತಿರುಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಅವರ ಪತ್ನಿ ಕುಳಿತು ಕುಳಿತು ಸಾಗುತ್ತಾರೆ. ಬೆಟ್ಟ ಹತ್ತಿದ ಬಹುಪಾಲು ಜನರಿಗೆ ಇದು ಅಪರಿಚಿತವಾದ ಅನುಭವವಲ್ಲ.

ಇದಕ್ಕೆ ಕಾರಣ ಸರಳವಾದುದು. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿದು, ಕೆಳಗೆ ಬೀಳಲೆಳಸುವ ದೇಹವನ್ನು ತಡೆಯಬೇಕು. ಬಾವಿಯಿಂದ ಕೊಡವನ್ನು ಎಳೆಯುವುದಕ್ಕೂ, ತುಂಬಿದ ಕೊಡ ಸರ್ರನೆ ಜಾರದಂತೆ ಹಗ್ಗವನ್ನು ಹಿಡಿಹಿಡಿದು ಬಿಡುವುದಕ್ಕೂ ಇರುವ ವ್ಯತ್ಯಾಸವೇ ಇದು. ಹೀಗೆ ಹಿಗ್ಗುತ್ತ ದುಡಿದ ಸ್ನಾಯುವೇ ಮರುದಿನ ಕುಳಿತರೆ ಏಳಲು, ಎದ್ದರೆ ಕೂರಲು ಬಿಡದೆ ನೋಯಿಸುವುದು. ಸ್ನಾಯು ದಣಿದ ಮೇಲೆ ಪ್ರತಿ ಹೆಜ್ಜೆಯ ಪೆಟ್ಟೂ ಮೊಣಕಾಲಿನ ಕೀಲಿಗೆ ನೇರವಾಗಿ ಬೀಳುತ್ತದೆ. ದಣಿದ ಕಾಲು ತಪ್ಪು ಹೆಜ್ಜೆ ಇಡುವುದೂ ಆಗಲೇ.

ಕೈಗಳು ಈ ಭಾರದಲ್ಲಿ ಪಾಲು ತೆಗೆದುಕೊಳ್ಳುವುದಾದರೆ ಕಾಲಿಗೆ ಎಷ್ಟು ಉಪಕಾರ? 1999ರಲ್ಲಿ ಪ್ರಕಟವಾದ ಆಸ್ಟ್ರಿಯ ದೇಶದ ಒಂದು ಸಂಶೋಧನೆಯಲ್ಲಿ, ಕಡಿದಾದ ಇಳಿಜಾರಿನಲ್ಲಿ ಎರಡು ಕೋಲುಗಳನ್ನು ಊರಿ ಇಳಿಯುವವರ ಮೊಣಕಾಲಿನ ಮೇಲೆ ಬೀಳುವ ಬಲವನ್ನು ಅಳೆದು ನೋಡಿದರು. ಕೋಲಿಲ್ಲದೆ ಇಳಿಯುವುದಕ್ಕೆ ಹೋಲಿಸಿದರೆ ಆ ಬಲವು ನೂರಕ್ಕೆ 12ರಿಂದ 25ರವರೆಗೆ ಇಳಿಯಿತು. ಒಂದು ಹೆಜ್ಜೆಗೆ ಇದು ಅಲ್ಪವೆನಿಸಬಹುದು. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ 1712 ಮೀಟರ್ ಎತ್ತರದ ಕುಮಾರಪರ್ವತವನ್ನು ಹತ್ತಿದವನು ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ ಇಳಿಯಬೇಕು. ಅಷ್ಟು ಸಾವಿರ ಹೆಜ್ಜೆಗಳಲ್ಲಿ ಉಳಿದ ಭಾರವನ್ನು ಕೂಡಿಸಿ ನೋಡಿದರೆ ಅಲ್ಪವೆನ್ನುವ ಧೈರ್ಯ ಯಾರಿಗೂ ಬಾರದು.

ಸತ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಕೋಲು ದಣಿವನ್ನು ಮಾಯ ಮಾಡುವುದಿಲ್ಲ. ಕಾಲಿನ ದುಡಿಮೆಯ ಒಂದಂಶವನ್ನು ತೋಳಿಗೆ ಸಾಗಿಸುತ್ತದೆ. ಆದುದರಿಂದ ಸಮನೆಲದಲ್ಲಿ ಕೋಲು ಬೀಸುತ್ತ ನಡೆಯುವವನ ಉಸಿರು ಕೊಂಚ ಹೆಚ್ಚೇ ಏರಬಹುದು. ಈಗಾಗಲೇ ಕೆಟ್ಟಿರುವ ಕೀಲಿಗೆ ಕೋಲು ವೈದ್ಯನೂ ಅಲ್ಲ.

ಒಂದು ಪ್ರಸಿದ್ಧ ಕೋಲು

1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ಗಾಂಧೀಜಿಯವರಿಗೆ ಅರವತ್ತು ತುಂಬಿತ್ತು. ಸುಮಾರು 385 ಕಿಲೋಮೀಟರಿನ ಆ ನಡಿಗೆಯಲ್ಲಿ ಅವರ ಕೈಯಲ್ಲಿದ್ದ ಬಿದಿರಿನ ಕೋಲಿಗೂ ಕನ್ನಡ ನಾಡಿಗೂ ನಂಟುಂಟು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಅದನ್ನು ಕಾಕಾಸಾಹೇಬ್ ಕಾಲೇಲ್ಕರರಿಗೆ ಕೊಟ್ಟಿದ್ದರು. ಕಾಲೇಲ್ಕರರಿಂದ ಅದು ಗಾಂಧೀಜಿಯವರ ಕೈ ಸೇರಿತು. ಐವತ್ತನಾಲ್ಕು ಅಂಗುಲ ಉದ್ದ, ಒಂದು ಅಂಗುಲ ದಪ್ಪ, ತುದಿಗೆ ಕಬ್ಬಿಣ.

ಬೆಟ್ಟ ಹತ್ತುವವರು ಗಮನಿಸಬೇಕಾದುದು ಆ ಉದ್ದವನ್ನು. ಐವತ್ತನಾಲ್ಕು ಅಂಗುಲವೆಂದರೆ ಸುಮಾರು 137 ಸೆಂಟಿಮೀಟರ್. ಸೊಂಟದೆತ್ತರದ ಬಾಗುಹಿಡಿಯ ಬೆತ್ತಕ್ಕಿಂತ ಬಹಳ ಉದ್ದ. ಇಂಥ ಕೋಲನ್ನು ತುದಿಯಲ್ಲೇ ಹಿಡಿಯಬೇಕೆಂಬ ಕಟ್ಟಿಲ್ಲ. ಏರಿನಲ್ಲಿ ಕೈಯನ್ನು ಕೆಳಕ್ಕೆ ಜಾರಿಸಿ ಹಿಡಿದರೆ ಕೋಲು ಗಿಡ್ಡವಾಯಿತು. ಇಳಿಜಾರಿನಲ್ಲಿ ಮೇಲಕ್ಕೆ ಹಿಡಿದರೆ ಉದ್ದವಾಯಿತು. ಕುರುಬರು, ದನಗಾಹಿಗಳು ಉದ್ದನೆಯ ಕೋಲನ್ನೇ ಒಯ್ಯುವುದರ ಲಾಭಗಳಲ್ಲಿ ಇದೂ ಒಂದು. ಒಂದರೊಳಗೊಂದು ಸೇರುವ ನಳಿಗೆಗಳನ್ನು ಜೋಡಿಸಿ ಇಂದಿನ ಕಾರ್ಖಾನೆ ಸಾಧಿಸಿರುವ ಅನುಕೂಲವನ್ನು ಅವರು ಕೈ ಜಾರಿಸಿಯೇ ಪಡೆದಿದ್ದರು.

ಆರಿಸುವ ಬಗೆ

ಮೊದಲು ಉದ್ದ. ಪಾದರಕ್ಷೆ ಧರಿಸಿ ಸಮನೆಲದ ಮೇಲೆ ನಿಂತು, ಕೋಲಿನ ತುದಿಯನ್ನು ಪಾದದ ಪಕ್ಕದಲ್ಲಿ ಊರಿ ಹಿಡಿಯನ್ನು ಹಿಡಿದಾಗ, ಮೊಣಕೈ ಚೌಕದ ಮೂಲೆಯಂತೆ ಮಡಿಚಿ ಮುಂಗೈ ನೆಲಕ್ಕೆ ಸಮಾಂತರವಾಗಿರಬೇಕು. ಸಾಮಾನ್ಯವಾಗಿ 150 ಸೆಂಟಿಮೀಟರ್ ಎತ್ತರದವರಿಗೆ ಸುಮಾರು 100, 160ರವರಿಗೆ 110, 170ರವರಿಗೆ 115, 180ರವರಿಗೆ 120 ಸೆಂಟಿಮೀಟರ್ ಹೊಂದುತ್ತದೆ. ಏರುವಾಗ ಇದಕ್ಕಿಂತ ಐದರಿಂದ ಹತ್ತು ಸೆಂಟಿಮೀಟರ್ ಕಡಿಮೆ ಮಾಡಬೇಕು. ಇಳಿಯುವಾಗ ಅಷ್ಟೇ ಹೆಚ್ಚಿಸಬೇಕು. ಈ ಒಂದು ಸೂತ್ರ ತಿಳಿಯದವನು ಎಷ್ಟು ಬೆಲೆಯ ಕೋಲು ಕೊಂಡರೂ ವ್ಯರ್ಥ.

ಎರಡನೆಯದು ಲೋಹ. ಅಲ್ಯೂಮಿನಿಯಂ ಕೋಲು ಪೆಟ್ಟು ಬಿದ್ದರೆ ಬಾಗುತ್ತದೆ. ಬಾಗಿದ ಕೋಲನ್ನು ಹೇಗೋ ಊರಿಕೊಂಡು ಮನೆ ಸೇರಬಹುದು. ಕಾರ್ಬನ್ ನಾರಿನದು ಹಗುರ, ಬೆಲೆ ಹೆಚ್ಚು. ಬಂಡೆಗಳ ನಡುವೆ ಸಿಕ್ಕಿ ಅಡ್ಡಪೆಟ್ಟು ಬಿದ್ದರೆ ಫಕ್ಕನೆ ಮುರಿಯುತ್ತದೆ. ಪಶ್ಚಿಮಘಟ್ಟದ ಕಲ್ಲು ಬೇರುಗಳ ದಾರಿಗೆ, ಮೊದಲ ಬಾರಿ ಕೊಳ್ಳುವವರಿಗೆ, ಅಲ್ಯೂಮಿನಿಯಂ ಸಾಕು. ಅಂಥ ಒಂದು ಜೋಡಿ ಸುಮಾರು ಅರ್ಧ ಕಿಲೋ ತೂಗುತ್ತದೆ.

ಮೂರನೆಯದು ಬೀಗ. ನಳಿಗೆಗಳನ್ನು ಬಿಗಿಹಿಡಿಯಲು ಕೆಲವಕ್ಕೆ ತಿರುಪಿನ ಏರ್ಪಾಡು, ಕೆಲವಕ್ಕೆ ಹೊರಗಿನ ಸನ್ನೆಯ ಏರ್ಪಾಡು ಇರುತ್ತದೆ. ತಿರುಪಿನದಕ್ಕೆ ಬೆಲೆ ಕಡಿಮೆ. ಒಳಗೆ ಮಣ್ಣು ನೀರು ಸೇರಿದರೆ ಜಾರುವ ಭಯ ಹೆಚ್ಚು. ಸನ್ನೆಯದನ್ನು ಒದ್ದೆ ಕೈಯಲ್ಲೂ ತೆಗೆದು ಹಾಕಬಹುದು. ಬಿಗಿಯಾಗಿದೆಯೇ ಇಲ್ಲವೇ ಎಂಬುದು ಕಣ್ಣಿಗೇ ಕಾಣುತ್ತದೆ. ಅಂಗಡಿಯಲ್ಲಿಯೇ ಕೋಲನ್ನು ಉದ್ದಮಾಡಿ ಬೀಗ ಹಾಕಿ, ಮೈಭಾರವನ್ನೆಲ್ಲ ಹೇರಿ ಒತ್ತಿ ನೋಡಬೇಕು. ಒಂದು ಕೂದಲೆಳೆಯಷ್ಟು ಕುಸಿದರೂ ಅದನ್ನು ತಿರುಗಿ ಕೊಡುವುದೇ ಮೇಲು. ನಳಿಗೆಯ ಮೇಲೆ ಗೀಚಿರುವ ಗರಿಷ್ಠ ಉದ್ದದ ಗೆರೆಯನ್ನು ಮೀರಿ ಎಳೆಯಲೇ ಕೂಡದು.

ನಾಲ್ಕನೆಯದು ಹಿಡಿ ಮತ್ತು ತುದಿ. ಬೆವರುವ ಕೈಗೆ ಬಿರಡೆಮರದ ತೊಗಟೆಯ ಹಿಡಿಯಾಗಲಿ, ಹಗುರವಾದ ಫೋಮ್ ಹಿಡಿಯಾಗಲಿ ಹಿತ. ಗಟ್ಟಿ ರಬ್ಬರಿನ ಹಿಡಿ ಅಂಗೈಯಲ್ಲಿ ಗುಳ್ಳೆ ಎಬ್ಬಿಸಬಹುದು. ತುದಿಯ ಟಂಗ್‌ಸ್ಟನ್ ಕಾರ್ಬೈಡ್ ಮೊಳೆ ಮಣ್ಣಿಗೂ ಹುಲ್ಲಿಗೂ ಚೆನ್ನಾಗಿ ಕಚ್ಚುತ್ತದೆ. ಡಾಂಬರು ರಸ್ತೆಗೂ ಹಾಸುಗಲ್ಲಿಗೂ ಅದರ ಮೇಲೆ ರಬ್ಬರಿನ ಟೊಪ್ಪಿಗೆ ತೊಡಿಸಬೇಕು. ತುದಿಗಿಂತ ಸ್ವಲ್ಪ ಮೇಲಿರುವ ಪುಟ್ಟ ಬಿಲ್ಲೆ ಕೆಸರಿನಲ್ಲಿ ಕೋಲು ಆಳಕ್ಕೆ ಹೂತುಹೋಗದಂತೆ ತಡೆಯುತ್ತದೆ. ಅಗಲವಾದ ಬಿಲ್ಲೆ ಹಿಮಾಲಯದ ಹಿಮಕ್ಕೆ ಮಾತ್ರ ಬೇಕು.

ಒಂದೋ ಎರಡೋ? ತೋಲ ತಪ್ಪದಿರಲು ಒಂದೇ ಸಾಕು. ಮೊಣಕಾಲಿನ ಭಾರ ಇಳಿಸಬೇಕಾದರೆ ಎರಡು ಬೇಕು.

ಹಿತ್ತಿಲ ಬಿದಿರು

ಹಣ ತೆರಲಾರದವನು ಬೆಟ್ಟ ಹತ್ತಬಾರದೆಂದಿಲ್ಲ. ಒಳಗೆ ಪೊಳ್ಳು ಕಡಿಮೆ ಇರುವ ಕಿರುಬಿದಿರು ಒಳ್ಳೆಯ ಊರುಗೋಲಾಗುತ್ತದೆ. ಎಳೆಯದನ್ನು ಕಡಿದರೆ ಒಣಗಿದ ಮೇಲೆ ಸುಕ್ಕುಗಟ್ಟುತ್ತದೆ. ಮೂರು ವರ್ಷವಾದರೂ ಬಲಿತಿರಬೇಕು. ಕಡಿದ ಗಳುವನ್ನು ಕೆಲವು ದಿನ ನೀರಿನಲ್ಲಿ ಮುಳುಗಿಸಿಟ್ಟರೆ ಹುಳು ಹಿಡಿಯುವ ಭಯ ಕಡಿಮೆ. ಅನಂತರ ನೆರಳಿನಲ್ಲಿ ಒಣಗಿಸಿ, ಡೊಂಕಿದ್ದರೆ ಬೆಂಕಿಯ ಕಾವು ತೋರಿಸಿ ನೆಟ್ಟಗೆ ಮಾಡಬೇಕು. ನೆಲ ತಾಗುವ ತುದಿ ಗಿಣ್ಣಿನ ಕೆಳಗೇ ಬರುವಂತೆ ಕತ್ತರಿಸಿ, ಒನಕೆಗೆ ಹಾಕಿಸುವಂತೆ ಕಬ್ಬಿಣದ ಅಣಸನ್ನು ಹಾಕಿಸಿದರೆ ಸೀಳುವುದಿಲ್ಲ. ಉದ್ದ ಎದೆಯ ಮಟ್ಟಕ್ಕಿರಲಿ. ಕೈ ಜಾರಿಸಿ ಹಿಡಿಯುವ ಅನುಕೂಲ ಆಗ ತಾನಾಗಿ ಒದಗುತ್ತದೆ. ಹಿಡಿಯುವ ಜಾಗಕ್ಕೆ ಹುರಿಯನ್ನು ಒತ್ತಾಗಿ ಸುತ್ತಿದರೆ ಬೆವರಿದ ಕೈ ಜಾರದು.

ಬಿದಿರು ಸ್ವಂತ ಹಿತ್ತಿಲಿನದೋ ಕೊಂಡದ್ದೋ ಆಗಿರಬೇಕು. 2017ರ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯಿದೆಯ 'ಮರ' ಎಂಬ ವ್ಯಾಖ್ಯೆಯಿಂದ ಹೊರಬಿದ್ದಿದೆ; ಅರಣ್ಯದೊಳಗಿನದನ್ನು ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ. ಬೆಟ್ಟದ ಬುಡದಲ್ಲಿ ಪ್ರತಿಯೊಬ್ಬನೂ ಒಂದೊಂದು ಹಸಿಗಿಡ ಮುರಿದುಕೊಂಡು ಹತ್ತಿ, ಇಳಿದ ಮೇಲೆ ಎಸೆದು ಹೋಗುವ ಅಭ್ಯಾಸ ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ. ಹಸಿಕೋಲು ಬಾಗುವುದಲ್ಲದೆ ಆಸರೆ ಕೊಡುವುದೂ ಇಲ್ಲ.

ಏರಿಯ ಮೇಲೆ ಮೊದಲ ಪಾಠ

ಕೋಲನ್ನು ಕೊಂಡ ದಿನವೇ ಕೊಡಚಾದ್ರಿಗೆ ಹೊರಡುವುದು ಈಜು ಕಲಿಯಲು ನಡುಹೊಳೆಗೆ ಧುಮುಕಿದಂತೆ. ಅಂಜನಾಪುರದವರಿಗೆ ಊರ ಬಳಿಯ ಸಮನಾದ ದಾರಿಗಳುಂಟು. ಉಳಿದವರಿಗೆ ತಮ್ಮ ತಮ್ಮ ಊರಿನ ಕೆರೆಯ ಏರಿ ಉಂಟು. ಬೆಳಗಿನ ಹೊತ್ತು ಅಲ್ಲಿ ಒಂದು ವಾರ ನಡೆದರೆ ಕೈಗೆ ಲಯ ಹತ್ತುತ್ತದೆ.

ಲಯವೆಂದರೆ ಬೇರೇನಲ್ಲ, ಬಲಗಾಲು ಮುಂದಿಟ್ಟಾಗ ಎಡಗೈಯ ಕೋಲು, ಎಡಗಾಲು ಮುಂದಿಟ್ಟಾಗ ಬಲಗೈಯ ಕೋಲು. ಕೈ ಬೀಸಿ ನಡೆಯುವ ಮನುಷ್ಯನ ಸಹಜ ಕ್ರಮವೇ ಇದು. ಯೋಚಿಸಿದರೆ ತಪ್ಪುತ್ತದೆ; ಮರೆತರೆ ಸರಿಹೋಗುತ್ತದೆ. ತಪ್ಪಿದವರು ಕೋಲುಗಳನ್ನು ಸ್ವಲ್ಪ ದೂರ ಸುಮ್ಮನೆ ಎಳೆದುಕೊಂಡು ನಡೆದರೆ ಕೈಗಳು ತಾವಾಗಿಯೇ ದಾರಿ ಹಿಡಿಯುತ್ತವೆ.

ಹಿಡಿಗೆ ತಗುಲಿಸಿರುವ ಪಟ್ಟಿಯ ಕುಣಿಕೆಯನ್ನು ಹಲವರು ಬಳೆ ತೊಟ್ಟಂತೆ ಮೇಲಿನಿಂದ ತೊಡುತ್ತಾರೆ. ಅದು ತಪ್ಪು. ಕೈಯನ್ನು ಕುಣಿಕೆಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ಪಟ್ಟಿಯನ್ನೂ ಹಿಡಿಯನ್ನೂ ಕೂಡಿಯೇ ಹಿಡಿಯಬೇಕು. ಆಗ ಭಾರವನ್ನು ಮಣಿಕಟ್ಟು ಪಟ್ಟಿಯ ಮೇಲೆ ಹೇರುತ್ತದೆ; ಬೆರಳುಗಳು ಹಿಡಿಯನ್ನು ಹಗುರವಾಗಿ ಮುಟ್ಟಿಕೊಂಡಿದ್ದರೆ ಸಾಕು. ಬಿಗಿಮುಷ್ಟಿಯಲ್ಲಿ ಹಿಡಿದವನ ಕೈ ಒಂದು ಗಂಟೆಯೊಳಗೆ ಜೋಮು ಹಿಡಿಯುತ್ತದೆ.

ಏರು, ಇಳಿತ, ಹಳ್ಳ

ಏರಿನಲ್ಲಿ ಗಿಡ್ಡಮಾಡಿದ ಕೋಲನ್ನು ಪಾದದ ಸಮೀಪದಲ್ಲೇ ಊರಿ ಹಿಂದಕ್ಕೆ ತಳ್ಳಬೇಕು. ಬಹು ಮುಂದೆ ಚಾಚಿ ಮೈಯನ್ನು ಎಳೆದುಕೊಳ್ಳಲು ಹೋದರೆ ಭುಜ ನೋಯುತ್ತದೆಯೇ ಹೊರತು ದಾರಿ ಸಾಗದು.

ಇಳಿತದ ಆರಂಭದಲ್ಲಿ ನಿಂತು, ಕೋಲುಗಳನ್ನು ಉದ್ದ ಮಾಡಿ, ಬೀಗಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ದಣಿದವನಿಗೆ ಈ ಎರಡು ನಿಮಿಷ ಬೇಸರದ ಕೆಲಸ. ಆದರೆ ಇಡೀ ನಡಿಗೆಯಲ್ಲಿ ಇದಕ್ಕಿಂತ ಲಾಭದ ಎರಡು ನಿಮಿಷ ಬೇರೆ ಇಲ್ಲ. ಮೊದಲು ಕೋಲು, ಆಮೇಲೆ ಕಾಲು. ಇದು ಇಳಿಯುವವನ ಮಂತ್ರ. ಕೋಲಿನ ತುದಿ ಕೆಳಗಿನ ಮೆಟ್ಟಿಲಲ್ಲಿ ಭದ್ರವಾಗಿ ಕುಳಿತಿದೆಯೆಂದು ತಿಳಿದ ಬಳಿಕ ಅದರ ಮೇಲೆ ಸ್ವಲ್ಪ ಭಾರ ಬಿಟ್ಟು, ಮೊಣಕಾಲನ್ನು ಕೊಂಚ ಮಡಿಚಿಕೊಂಡೇ ಹೆಜ್ಜೆ ಇಳಿಸಬೇಕು. ಮೆಟ್ಟಿಲು ಬಹಳ ಎತ್ತರವಾಗಿದ್ದರೆ ಅಂಗೈಯನ್ನು ಹಿಡಿಯ ನೆತ್ತಿಯ ಮೇಲಿಟ್ಟು ಒತ್ತಬಹುದು. ಭಾರವನ್ನೆಲ್ಲ ಕೋಲಿಗೇ ಒಪ್ಪಿಸಿ ಮುಂದಕ್ಕೆ ಬಾಗುವುದು ಅಪಾಯ. ಅದು ಜಾರಿತೆಂದರೆ ಮುಗ್ಗರಿಸುವುದು ಮುಖ.

ಜೀಪಿನಲ್ಲಿ ಕೊಡಚಾದ್ರಿಯ ಬಹುಭಾಗ ಏರಿದವರೂ ಸರ್ವಜ್ಞಪೀಠದ ಕಡೆಯ ಏರನ್ನು ಕಾಲ್ನಡೆಯಲ್ಲೇ ಮುಗಿಸಬೇಕು; ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತುವವರಿಗಂತೂ ನೀರು ಪಾಚಿಗಳ ಸಹವಾಸ ತಪ್ಪದು. ಹಳ್ಳ ದಾಟುವಾಗ ಮುಖ ಪ್ರವಾಹದ ಕಡೆಗಿರಲಿ. ಕೋಲು ನೀರು ಬರುವ ದಿಕ್ಕಿಗೆ ಊರಿರಲಿ. ಎರಡು ಕಾಲು, ಒಂದು ಕೋಲು, ಹೀಗೆ ಮೂರು ಆಧಾರಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಕದಲಿಸಬೇಕು. ಆಗ ಪಟ್ಟಿಯಿಂದ ಕೈ ಬಿಡಿಸಿಕೊಂಡಿರಬೇಕು, ಬೆನ್ನಚೀಲದ ಸೊಂಟಪಟ್ಟಿಯನ್ನೂ ಸಡಿಲಿಸಿರಬೇಕು. ಬಿದ್ದರೆ ಕೋಲನ್ನೂ ಚೀಲವನ್ನೂ ನೀರಿಗೆ ಬಿಟ್ಟು ಜೀವ ಉಳಿಸಿಕೊಳ್ಳಬಹುದು. ಮಳೆಗಾಲದಲ್ಲಿ ಉಕ್ಕಿ ಕೆಂಪಗೆ ಹರಿಯುವ ಹಳ್ಳಕ್ಕೆ ಯಾವ ಕೋಲೂ ಉತ್ತರವಲ್ಲ. ಅಲ್ಲಿ ಹಿಂತಿರುಗುವುದೇ ಜಾಣತನ.

ಕೋಲನ್ನು ಕಟ್ಟಿಡಬೇಕಾದ ಜಾಗಗಳೂ ಉಂಟು. ಕೈಯಿಂದ ಬಂಡೆ ಹಿಡಿದು ಹತ್ತಬೇಕಾದಲ್ಲಿ ಅದು ತೊಡಕು. ಮಡಿಚಿ ಚೀಲಕ್ಕೆ ಸೇರಿಸುವುದು ಲೇಸು. ಕಲ್ಲುಗಳ ಬಿರುಕಿನಲ್ಲಿ ತುದಿ ಸಿಕ್ಕಿಕೊಂಡಾಗ ಕುಣಿಕೆಯೊಳಗೆ ಕೈ ಇದ್ದರೆ ಮಣಿಕಟ್ಟು ಉಳುಕೀತು. ಹಳೆಯ ಕೋಟೆಯ ಸೋಪಾನಗಳ ಮೇಲೆ, ಶಾಸನದ ಕಲ್ಲುಗಳಿರುವೆಡೆಯಲ್ಲಿ ಬರಿಯ ಲೋಹದ ಮೊನೆಯನ್ನು ಊರುವುದು ಸಲ್ಲದು. ತಾಳಗುಂದ, ಬಳ್ಳಿಗಾವೆಗಳನ್ನು ಮಡಿಲಲ್ಲಿಟ್ಟುಕೊಂಡಿರುವ ಸೀಮೆಯವರಿಗೆ ಕಲ್ಲಿನ ಬೆಲೆಯನ್ನು ಬೇರೆಯವರು ತಿಳಿಸಿಕೊಡಬೇಕಾಗಿಲ್ಲ. ಗುಂಪಿನಲ್ಲಿ ನಡೆಯುವಾಗ ತುದಿ ಹಿಂದಿನವರ ಕಣ್ಣಿಗೆ ತಾಗದಷ್ಟು ಅಂತರವಿರಬೇಕು.

ಮನೆಗೆ ಬಂದ ಮೇಲೆ ಕೋಲಿಗೂ ಉಪಚಾರ ಬೇಕು. ನಳಿಗೆಗಳನ್ನು ಬಿಡಿಬಿಡಿಯಾಗಿ ಕಳಚಿ, ಕೆಸರು ಒರೆಸಿ, ಒಂದು ರಾತ್ರಿ ಒಣಗಲು ಬಿಡಬೇಕು. ಎಣ್ಣೆ ಹಚ್ಚಬಾರದು; ಹಚ್ಚಿದರೆ ಬೀಗ ಹಿಡಿಯದೆ ಜಾರುತ್ತದೆ.

ಇಷ್ಟು ತಿಳಿದವರ ಮುಂದೆ ಉಳಿಯುವುದು ನಾಚಿಕೆಯೊಂದೇ. ಹುಬ್ಬಿನ ಕೆಳಗೆ ಕನ್ನಡಕ ಏರಿದಾಗ ಯಾರೂ ಓದುವುದನ್ನು ಬಿಡುವುದಿಲ್ಲ. ಮೊಣಕಾಲು ಸಪ್ಪಳ ಮಾಡಿತೆಂದು ಬೆಟ್ಟವನ್ನು ಬಿಡುವುದು ಏತಕ್ಕೆ? ಮನೆಯ ಹಿರಿಯರಿಗೆ ಕೋಲನ್ನು ತಂದುಕೊಡುವ ಮಕ್ಕಳು ಇನ್ನೊಂದು ಜೋಡಿಯನ್ನು ತಮಗಾಗಿಯೂ ತಂದುಕೊಳ್ಳಲಿ. ತಂದೆಯ ಕೈಯಲ್ಲೂ ಮಗಳ ಕೈಯಲ್ಲೂ ಒಂದೇ ಬಗೆಯ ಕೋಲು ಇದ್ದರೆ ಅದು ವಯಸ್ಸಿನ ಗುರುತಾಗಿ ಉಳಿಯುವುದಿಲ್ಲ. ಅಂಥ ಮನೆಯಲ್ಲಿ, ಬರುವ ವರ್ಷ ಚಂದ್ರಗುತ್ತಿಗೆ ಹೊರಟಾಗ, "ನಾನು ಕೆಳಗೇ ಕುಳಿತಿರುತ್ತೇನೆ" ಎನ್ನುವವರು ಒಬ್ಬರು ಕಡಿಮೆಯಾಗುತ್ತಾರೆ.